ಕೌಲ್‌ಬಜಾರಿನ ಗೋಲಿ

ಟ್ರಂಕಿನ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ತೆಗೆದೆವು.
ಹೊಸಪೇಟೆಯ ಹೋಟೆಲಿನವನು ಚೀಟಿ ಹಿಡಿದು ಕೂತಿದ್ದ:
ಬೂಟು ಒಂದು ಜೊತೆ. ಹಿತ್ತಾಳೆ ಕಪ್ ಹನ್ನೊಂದು,
ಒಂದರಲ್ಲಿ ಇನ್ನೂ ಸೂಜಿ, ಗುಂಡಿ.
ಗ್ಲೌಸಿನ ಅಂಗೈ ಯಾಕೆ ಸುಟ್ಟಿದೆ ಅಂದ.
ಅಮ್ಮಿ ಅದರಲ್ಲೇ ಬಿರಿಯಾನಿ ಹಂಡೆ ಇಳಿಸುತ್ತಿದ್ದಳು;
ಹೇಳಲಿಲ್ಲ.

'ಚೆಂಡಿನ ಮೇಲೆ ಸಹಿ ಇದ್ದಿದ್ದರೆ ದುಪ್ಪಟ್ಟು.'
ಅಬ್ಬಾ ರೇಷನ್ ಕಾರ್ಡಿಗೂ ಹೆಬ್ಬೆಟ್ಟು ಒತ್ತಿದವರು,
ಅದೂ ಎಡಗೈಯದು. ಬಲಗೈಯದು
ಗುಂತಕಲ್ ರೈಲ್ವೆಯವರ ಪೆನಾಲ್ಟಿಗೆ
ಹಿಂದಕ್ಕೆ ಮಡಚಿ ಹಾಗೇ ನಿಂತುಬಿಟ್ಟಿತ್ತು.

ತಮ್ಮ ದಸ್ತಗೀರ ನೋಟು ಎಣಿಸಿದ,
ಎರಡು ಹೊಲಿಗೆ ಮಷೀನಿನಷ್ಟು;
ಜೀನ್ಸಿನ ನೀಲಿ ಹತ್ತಿದ ಬೆರಳು
ಎರಡು ಸಲ ಲೆಕ್ಕ ತಪ್ಪಿತು.

ಟ್ರಂಕು ಹೊರಡುವಾಗ
ಬಾಗಿಲಲ್ಲಿ ಅಮ್ಮಿ,
ಚೌಕಟ್ಟಿನ ಎರಡೂ ಬದಿಗೆ ಕೈಯೂರಿ, ತುಸು ಬಗ್ಗಿ.
ಹೊತ್ತವರು ನಿಂತರು.
ಮೆಟ್ಟಿಲ ಮೇಲಿನ ಚಪ್ಪಲಿ ಕಾಲಲ್ಲಿ ಸರಿಸಿ
ಪಕ್ಕಕ್ಕಾದಳು.
ಬಿಟ್ಟಳು.