ಬಿ ಮಗ್ಗಲು

ದುರ್ಗದಬೈಲಿನ ಗುಜರಿ ಅಂಗಡ್ಯಾಗ
ತೂಕಕ್ಕ ಕೊಂಡ ಹನ್ನೊಂದು ಕ್ಯಾಸೆಟ್ಟಿನಾಗ
ಹತ್ತು ಭಜನಿ.
ಉಳಿದೊಂದರ ಮ್ಯಾಲ ಬಾಲ್‌ಪೆನ್ನಿಲೆ ಬರದಿತ್ತು:
'ಎ – ಸವಳು ನೀರು, ರಿಹರ್ಸಲ್, ಅಳಿಸಬ್ಯಾಡ್ರಿ.
ಬಿ – ಡಿಕ್ಟೇಷನ್.'

ಅಳಿಸಿರಲಿಲ್ಲ ಯಾರೂ. ಬೂಷ್ಟು ಹಿಡದಿತ್ತು ಅಷ್ಟ.
ಹತ್ತಿ, ಸ್ಪಿರಿಟ್ಟು, ಹೆಂಡತಿಯ ಹೇರ್‌ಪಿನ್ನು, ನಾಕು ರಾತ್ರಿ.
ಐದನೇ ರಾತ್ರಿ ಒಂದು ಗಿಟಾರು
ಕೆಮ್ಮಿ ಎದ್ದು ಕುಂತಿತು.

ಹಾಡು ಕನ್ನಡದ್ದ. ಸಿನಿಮಾದ್ದಲ್ಲ, ಭಾವಗೀತಿ ಅಲ್ಲ.
ಸೈಕಲ್ ಸ್ಟ್ಯಾಂಡಿನಾಗ ಟೋಕನ್ ಕಳಕೊಂಡು
ಸಂಜಿತನಕ ತನ್ನ ಸೈಕಲ್ಲನ್ನ ತಾನ ನೋಡಕೋತ ನಿಂತ
ಒಬ್ಬ ಹುಡುಗನ ಬಗ್ಗೆ.
ಇಂಥಾದ್ದನ್ನ ಹಾಡಬಹುದು ಅಂತ
ಐವತ್ತೆರಡು ವರ್ಷ ನನಗ ಯಾರೂ ಹೇಳಿರಲಿಲ್ಲ.

ಹುಡುಕಾಕ ಹೊಂಟೆ.

ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾದ ಎಡ್ವಿನ್ ಸತ್ಯಮಿತ್ರ:
"ಸವಳು ನೀರು ನಾ ಕಟ್ಟಿದ್ದು. ಎಂಬತ್ತಾರರಾಗ."
ಬೆಟಗೇರ್ಯಾಗ ತುಳಜನಸಾ ಬಾಕಳೆ, ಮಗ್ಗ ನಿಲ್ಲಿಸದನ:
"ಎಡ್ವಿನ್ನಾ? ಅಂವ ಮೂರನೇದಾಂವ.
ಮದಲ ಅದರ ಹೆಸರು ಲಾಳಿ. ಎಂಬತ್ನಾಕು.
ಡ್ರಮ್ಮು ನನ್ನವು. ಅಂದ್ರ, ನಮ್ಮ ಮಾವನ ಮದಿವಿ ಬ್ಯಾಂಡಿನವು."
ಶಿಗ್ಗಾಂವಿಯಿಂದ ಗೌಸ್‌ಮೊದ್ದೀನ್ ಕಿಲ್ಲೇದಾರ ಫೋನಿನಾಗ ನಕ್ಕ:
"ಲಾಳಿ ಒಡದು ಎರಡಾತ್ರಿ, ಸವಳು ನೀರು ಮತ್ತ ಗಿರಮಿಟ್.
ಜಗಳಿಲ್ಲ ಏನಿಲ್ಲ. ಇದ್ದದ್ದು ಒಂದ ಗಿಟಾರು.
ಸೋಮಾರ, ಬುಧವಾರ ಅವರದು,
ಉಳದದ್ದು ನಮ್ದು,
ರವಿವಾರ ಚರ್ಚಿಂದು."

ಊದಿನಕಡ್ಡಿ ಕ್ಯಾಲೆಂಡರಿನ ಬೆನ್ನಿಗೆ ವಂಶಾವಳಿ ಬರದೆ.
ಹಾಡುಗಾರ ಹಾವೇರಿಗೆ ವರ್ಗ ಆಗಿ
ಅಲ್ಲಿ 'ಏಲಕ್ಕಿ' ಅಂತ ಇನ್ನೊಂದು ಕಟ್ಟಿದ:
ಎರಡು ಕಾರ್ಯಕ್ರಮ, ಒಂದಕ್ಕ ಕರೆಂಟಿರಲಿಲ್ಲ.
ವಿಲಾಸ ಅನ್ನೋ ಹೆಸರು ಮೂರು ಕಡೆ ಬಂದೈತಿ.
ಒಬ್ಬನೋ, ಮೂವರೋ,
ಕೇಳಿದ್ರ ಒಬ್ಬೊಬ್ಬರು ಒಂದೊಂದು ಎತ್ತರ ತೋರಸ್ತಾರ.
ಬಾಣದ ಗುರುತು ನೋಡಿ ಮಗಳು ಅಂದ್ಳು:
"ಅಪ್ಪಾ, ಇದು ಯಾರ ಮನಿ ವೈರಿಂಗು?"

ಮತ್ತ ಆ ಟಿಂಗ್.
ಪ್ರತಿ ಹಾಡಿನ ನಡುವ ಎಲ್ಲೋ ದೂರ ಒಂದು ಟಿಂಗ್.
"ಟ್ರಯಾಂಗಲ್ಲು, ನಾ ಬಾರಿಸಿದ್ದು," ಅಂದ ಎಡ್ವಿನ್.
"ನಾ," ಅಂದ ತುಳಜನಸಾ.
ನಾನು ಕೋರ್ಟಿನ ಮುಂದ ಇಪ್ಪತ್ತು ವರ್ಷ ಜಾಬ್ ಟೈಪಿಸ್ಟ್.
ಸಾಲು ಮುಗದಾಗ ಗಾಡಿ ಹೊಡಿಯೋ ಗಂಟಿ
ನಿದ್ದ್ಯಾಗ ಕೇಳಿದ್ರೂ ಗುರ್ತ ಹಿಡೀತೀನಿ.

ಕೊಪ್ಪೀಕರ ರೋಡಿನ ಮ್ಯಾಲಿನ ಮಾಳಿಗಿ.
ಬೋರ್ಡು ಹೋಗೈತಿ, ಬೋರ್ಡಿನ ಮಳಿ ಅದಾವ.
ವತ್ಸಲಾ ಮಿಸ್ಕಿನ್, ಎಂಬತ್ತೊಂದು:
"ಹೌದು, ರಾತ್ರಿ ಎಂಟರ ಮ್ಯಾಲ ರೂಮು ಕೊಡತಿದ್ದೆ.
ಅವರು ಬಾರಿಸಾಂವ್ರು, ನಾ ಉಳಿದ ಕೆಲಸ ಟೈಪ್ ಮಾಡಾಕಿ.
ಎರಡು ತಿಂಗಳ ಬಾಡಿಗಿ ಬಾಕಿ ಐತಿ ಇನ್ನೂ."
ಟೇಪು ಹಾಕಿದೆ. ಕಿವಿ ಕೊಟ್ಟು ಕೇಳಿದ್ಳು, ಪೂರ್ತಿ.
"ಈಗ ಆ ಕಡೆ ಹಾಕು."

ಆ ಕಡೆ ನಾ ಎಂದೂ ಹಾಕಿರಲಿಲ್ಲ.
ಡಿಕ್ಟೇಷನ್ ಕೇಳಿ ಕೇಳಿ ಸಾಕಾದಾಂವ.

ಅವಳದ ಧ್ವನಿ, ಕರಿಕೂದಲಿನ ಧ್ವನಿ:
"ದಿನಾಂಕ ಎಂಟು, ಜೂನ್, ಎಂಬತ್ಮೂರು.
ಮಾನ್ಯರೇ, ತಮ್ಮ ಪತ್ರ ತಲುಪಿತು…"
ಇಪ್ಪತ್ತು ಮಶೀನು ಒಮ್ಮೆಲೆ ಆಣಿಕಲ್ಲಿನಂಗ.
ಅದರೊಳಗ, ಸಣ್ಣಗ, ಬಾಯಿ ಮುಚ್ಚಿಕೊಂಡು
ಯಾರೋ ಗುನಗತಾರ
ಸೈಕಲ್ ಸ್ಟ್ಯಾಂಡಿನ ಹಾಡು.

ಲಾಳಿ ಹುಟ್ಟಾಕ ಇನ್ನೂ ಒಂದು ವರ್ಷ.

"ಯಾರಂವ?" ಅಂದೆ.
ಖಾಲಿ ಕೋಣೆ ನೋಡಿ ಬೆರಳಿಲೆ ಕುರ್ಚಿ ಎಣಿಸಿದ್ಳು.
"ಮೂರನೇ ಸಾಲು, ಕಿಡಕಿ ಕಡೆ.
ಸ್ಪೀಡಿತ್ತು, ತಪ್ಪು ಭಾಳ.
ಪರೀಕ್ಷಾಕ್ಕ ಬರಲಿಲ್ಲ."

ಕ್ಯಾಲೆಂಡರ್ ಹಾಳಿ ಹಾಸಿದೆ.
ತುದಿಗೆ ಜಾಗ ಇರಲಿಲ್ಲ.
ಅವಳು ಒಂದು ಬಿಳಿ ಹಾಳಿ ತಂದು
ಮ್ಯಾಲ ಅಂಟಿಸಿದ್ಳು.