ಮುಮ್ಮೂಲೆ ಕಾಳು

ವ್ಯಾನು ನನ್ನದಲ್ಲ, ಭಾವನದು. ಹಿಂಬಾಗಿಲು
ಹಗ್ಗ ಬಿಗಿಯದೆ ನಿಲ್ಲದು. ಆದರೂ ಅಕ್ಟೋಬರ್ ಬಂತೆಂದರೆ
ಹಾ ಜಾಂಗ್ ಪೇಟೆಯಲ್ಲಿ ಇದಕ್ಕೂ ಗಿರಾಕಿ.
ನಾಲ್ಕು ದಿನ, ಮೂರು ರಾತ್ರಿ, ಹೂವಿನ ಹೊಲ,
ಬೆಟ್ಟದವರ ಹಳ್ಳಿ, ಊಟ ಸೇರಿ
ಎಂದು ರಟ್ಟಿನ ಮೇಲೆ ನಾನೇ ಬರೆದು
ಗಾಜಿಗೆ ಅಂಟಿಸಿದ್ದೇನೆ.

ಈ ಸಲ ಹೈಫಾಂಗಿನ ಜೋಡಿ. ತ್ವಾಯ್,
ಹಡಗುಕಟ್ಟೆಯ ಗುಮಾಸ್ತ. ಹೆಂಡತಿ ಖ್ವೆ,
ತಿರುವಿಗೊಂದು ಶಾಲು ಬದಲಿಸುವವಳು.
ಮೊದಲ ದಿನ ಬರೀ ಮಂಜು.
ಬಾನೆಟ್ಟಿನಾಚೆ ಲೋಕವೇ ಇಲ್ಲ.
'ಮಂಜಿಗೂ ದುಡ್ಡು ಕೊಡಬೇಕೇನಪ್ಪ?' ಎಂದ ತ್ವಾಯ್.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ,
ಗೇರು ಬದಲಿಸಿದೆ.

ಎರಡನೆಯ ದಿನ, ಸುಂಗ್ ಲಾ ದಾಟಿದ ಮೇಲೆ,
ಬೆನ್ನಬುಟ್ಟಿಯ ಮುದುಕಿಯೊಬ್ಬಳು
ರಸ್ತೆಯ ನಟ್ಟನಡುವೆ ನಿಂತಳು,
ಕೈ ಅಡ್ಡ ಹಾಕಲಿಲ್ಲ, ತಾನೇ ಅಡ್ಡ.
ಮೆಯೊ ವಾಕಿನ ಆಚೆ ತಂಗಿಯ ಊರಂತೆ.
ಹೆಸರು ವು ಥಿ ಚೋ. ಹ್ಮೊಂಗ್ ಜನ.
ನಾನು ಕೆಳಗಿನ ಗದ್ದೆಯ ತಾಯ್; ಅವಳ ಮಾತಿನಲ್ಲಿ ನನಗೆ ಗೊತ್ತಿರುವುದು
ನಿಲ್ಲು, ಎಷ್ಟು, ಪಂಕ್ಚರ್.

ಮೂರು ಸಲ ವಾಂತಿ ಮಾಡಿಕೊಂಡಳು.
ಖ್ವೆ ಶುಂಠಿ ಪೆಪ್ಪರಮಿಂಟು ಕೊಟ್ಟು, ಬೆನ್ನು ಸವರಿ,
ಮುಂದಿನ ಸೀಟು ಬಿಟ್ಟುಕೊಟ್ಟಳು. ಆಮೇಲೆ ಶುರುವಾಯಿತು,
ಮುರುಕು ಸರ್ಕಾರಿ ಭಾಷೆಯಲ್ಲಿ, ಕಿಟಕಿಯತ್ತ ಬೆರಳು ಚಾಚಿ:
ಅದು ಮಿ ಪೋನ ಹೊಲ, ಕುಡುಕ.
ಅದು ಅವನ ಅಣ್ಣನದು, ಅವನೂ.
ಆ ಎರಡು ಬಂಡೆಯ ಸಂದಿಗೆ ನಮ್ಮತ್ತೆ
ಮಣ್ಣು ಹೊತ್ತು ಸುರಿದಳು, ಹನ್ನೆರಡು ಬುಟ್ಟಿ.
ಹನ್ನೆರಡು ಬುಟ್ಟಿಗೆ ಹನ್ನೆರಡು ಜೋಳದ ಗಿಡ.
ಹಿಂದಿನ ಸೀಟಿನವರಿಗೆ ಗುಲಾಬಿ ಬಣ್ಣ ಕಾಣುತ್ತಿತ್ತು.

ಫೋಟೋ ಹೊಲದಲ್ಲಿ ತಲೆಗೆ ಹತ್ತು ಸಾವಿರ.
ಮುಮ್ಮೂಲೆ ಕಾಳಿನ ಹೂ ಮೊದಲು ಬಿಳಿ, ಆಮೇಲೆ ನಸುಗೆಂಪು,
ಚಳಿ ಕಚ್ಚಿದ ಮೇಲೆ ಕಡುಗೆಂಪು. ಅದಕ್ಕೇ ಹುಡುಗ
ಮೂರು ಸಲ ಬಿತ್ತುತ್ತಾನೆ, ಶನಿವಾರ ಒಂದಾದರೂ ಅರಳಿರಲೆಂದು.
ಕಾಳು ಕಟ್ಟುವ ಮೊದಲೇ ಕೊಯ್ದು ಹಂದಿಗೆ.
'ಕಾಳಿಗೆ ಯಾರು ಅಜ್ಜಿ ದುಡ್ಡು ಕೊಡ್ತಾರೆ?'
ಈಗ ಬೈಯುತ್ತಾಳೆ ಅಂದುಕೊಂಡೆ.
ನೀಲಿಯದ್ದಿ ಉಗುರೂ ನೀಲಿಯಾದ ಬೆರಳು ಮಡಚಿ
ತಲೆ ಎಣಿಸಿದಳು, ಸಾವಿರ ಎಣಿಸಿದಳು.
'ಒಳ್ಳೇ ಬೆಳೆ' ಅಂದಳು.
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ,
ಇಲ್ಲಿ ಜುಟ್ಟಿನ ಹೂವೇ
ಹೊಟ್ಟೆಯ ಹಿಟ್ಟು.

ರಾತ್ರಿ ಡೋಂಗ್ ವಾನಿನಲ್ಲಿ, ಬೆಂಕಿಯ ಮುಂದೆ
ಬುಟ್ಟಿಯ ಗಂಟು ಬಿಚ್ಚಿದಳು. ಸೆಣಬಿನ ಲಂಗ.
ನಾರು ಸೀಳಿ, ನೂತು, ನೇಯ್ದು, ಮೇಣದಲ್ಲಿ ಗೆರೆಯೆಳೆದು
ಎರಡು ಚಳಿಗಾಲ. ತಂಗಿಗಂತೆ.
'ಹಬ್ಬಕ್ಕಾ?' ಕೇಳಿದಳು ಖ್ವೆ.
ಅಲ್ಲ. ಅಂಗಡಿ ಬಟ್ಟೆ ಉಟ್ಟು ಹೋದರೆ
ಆ ಕಡೆಯ ಹಿರಿಯರು ಗುರುತು ಹಿಡಿಯುವುದಿಲ್ಲ.
ವೈದ್ಯರು ಈ ತಿಂಗಳೇ ಅಂದಿದ್ದಾರೆ.
ಫೋಟೋಗೆಂದು ಬಾಡಿಗೆಗೆ ತಂದ
ಕಾರ್ಖಾನೆಯ ನೆರಿಗೆ ಲಂಗದ ಮೇಲೆ
ಖ್ವೆ ಎರಡೂ ಕೈ ಇಟ್ಟು ಕುಳಿತಿದ್ದಳು,
ಗಾಳಿಯೇನೂ ಇರಲಿಲ್ಲ.

ಮಾ ಪಿ ಲೆಂಗ್. ಒಂದು ಮಗ್ಗುಲಿಗೆ ಕಲ್ಲು,
ಇನ್ನೊಂದಕ್ಕೆ ಏನೂ ಇಲ್ಲ; ಆ ಏನೂ ಇಲ್ಲದರ ತಳದಲ್ಲಿ
ನ್ಹೋ ಕ್ವೆ ನದಿ, ಹಸಿರು ದಾರದಷ್ಟು.
ಎಲ್ಲರೂ ನಿಲ್ಲುವ ಕಡೆ ಅವಳು ನಿಲ್ಲಿಸಲು ಬಿಡಲಿಲ್ಲ.
ಯಾರೂ ನಿಲ್ಲದ ಕಡೆ ಇಳಿದಳು.
ಮನೆಯಿಲ್ಲ, ಹೊಗೆಯಿಲ್ಲ, ಬಂಡೆಯ ಮೇಲೆ
ಕಾಲು ಸವೆಸಿದ ಒಂದು ಗೀಟು.
ಬಾಡಿಗೆ ಬೇಡವೆಂದೆ. ಚಿಂದಿಯಲ್ಲಿ ಕಟ್ಟಿದ ಬೀಜವನ್ನು
ಬೂದಿ ಡಬ್ಬಿಗೆ ತುರುಕಿ ಮುಚ್ಚಳ ಹಾಕಿ
ಹತ್ತತೊಡಗಿದಳು. ತಿರುಗಿ ನೋಡಲಿಲ್ಲ;
ಬೆನ್ನ ಮೇಲೆ ಬುಟ್ಟಿ, ನೋಡುವುದಾದರೂ ಹೇಗೆ?

ನಾಲ್ಕನೆಯ ದಿನ ಯಾರೂ ಮಾತಾಡಲಿಲ್ಲ.
ತ್ವಾಯ್ ಮಂಜಿನ ದಿನಕ್ಕೂ ಸೇರಿಸಿ ಎಣಿಸಿಕೊಟ್ಟ.

ಗ್ಯಾರೇಜಿನ ಹಿಂದೆ ಒಡೆದ ಟೈರಿಗೆ ಮಣ್ಣು ತುಂಬಿ ಬಿತ್ತಿದೆ.
ಹೂ ಬಿಟ್ಟಿತು, ಬಿಳಿ.
ಮರುವಾರವೂ ಬಿಳಿ. ಇಲ್ಲಿ ಚಳಿ ಸಾಲದು,
ಎಂದ ಭಾವ, ವ್ಯಾನಿನಡಿಯಿಂದ.
ಕೆಂಪಾಗಲೇ ಇಲ್ಲ. ಆದರೂ ಕಾಳು ಕಟ್ಟಿತು,
ಮೂರು ಮೂಲೆ, ಕಪ್ಪಗೆ, ಒಂದು ಹಿಡಿ.
ಎತ್ತಿಡಬೇಕು ಅಂದುಕೊಳ್ಳುವಷ್ಟರಲ್ಲಿ
ಕೋಳಿಗಳು ನೋಡಿದವು.