ಬಡದು ನೋಡೂದು

ಉದ್ಯಮಬಾಗದ ಫೌಂಡ್ರಿಯೊಳಗ ಇಪ್ಪತ್ತಮೂರು ವರ್ಷ
ನನ್ನ ಕೆಲಸ ಇಷ್ಟ:
ಉಸುಕು ಝಾಡಿಸಿಕೊಂಡು ಬಂದ ಎರಕಕ್ಕ
ಸಣ್ಣ ಸುತ್ತಿಗಿಯಿಂದ ಒಂದು ಪೆಟ್ಟು.
ಠಣ್ ಅಂದ್ರ ಲಾರಿಗೆ.
ಥಡ್ ಅಂದ್ರ ಒಳಗ ಎಲ್ಲೋ ಸೀಳೈತಿ,
ತಿರುಗಿ ಭಟ್ಟಿಗೆ.
ಕಣ್ಣಿಗೆ ಎರಡೂ ಒಂದ ನಮೂನಿ.

ಮಂಗಳವಾರ ಆಫೀಸಿಗೆ ಕರದ್ರು.
ತಣ್ಣನ್ನ ಗಾಳಿ. ಕುಂದಾದ ಡಬ್ಬಿ. ಆರು ಹಾಳಿ ಇಂಗ್ಲಿಷು.
"ಬಾಳೇಶ, ನೀ ಅಂದ್ರ ಮನಿ ಮನಷ್ಯಾ ಇದ್ದಂಗ.
ಶುಕ್ರವಾರದೊಳಗ ಸಹಿ ಮಾಡಿದ್ರ ಮ್ಯಾಲ ಐವತ್ತು ಸಾವಿರ"
ಅಂತ ಸಾಹೇಬ್ರು ಪೆನ್ನಿನ ಟೋಪಿ ತಾವ ತಗದು ಕೊಟ್ರು.
ಮನಿ ಮನಷ್ಯಾಗ ಆರು ಹಾಳಿ ಯಾಕ್ರಿ
ಅಂತ ಕೇಳಲಿಲ್ಲ. ಕುಂದಾ ತಿಂದೆ.
ಚಾಳೀಸ ಮನ್ಯಾಗ ಐತ್ರಿ ಅಂದೆ.
ಅದು ಕಿಸೆದಾಗ ಇತ್ತು.

ಜೋತಿಬಾ ಅವತ್ತ ಸಹಿ ಮಾಡಿದ.
ಮರುದಿನ ಗೇಟಿನ್ಯಾಗ ಅವನ ಕಾರ್ಡು ನಡೀಲಿಲ್ಲ.
ಒಳಗ ಉಳದಿದ್ದ ಊಟದ ಡಬ್ಬಿ
ನಾನ ಒಯ್ದು ಕೊಟ್ಟೆ. ತೊಳದಿರಲಿಲ್ಲ.

ಸುರೇಖಾ ಹಾಳಿ ಮುಟ್ಟಿ ಅಂದಳು:
"ಶಹಾಪೂರದಾಗ ಸೀರಿ ತಗೋವಾಗ
ಮಡಿಕಿ ಬಿಚ್ಚಿ ಬೆಳಕಿಗೆ ಹಿಡೀತೀನಿ,
ಅಂಗಡ್ಯಾಂವ ಸಿಟ್ಟಾಗೂದಿಲ್ಲ.
ಇವರ್ಯಾಕ ಸಿಟ್ಟಾಗ್ತಾರ?"

ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ, ಅದರ ಮ್ಯಾಲ
ವಕೀಲ ತ್ರಿವೇಣಿ ಚೌಗಲಾ ಅವರ ಖೋಲಿ.
ಫೀ ಐದನೂರು, ಮದಲ ಹೇಳಿಬಿಟ್ರು.
ಓದೂದನ್ನ ನೋಡಿದೆ. ಓಡಲಿಲ್ಲ ಆಕಿ.
ಒಂದೊಂದು ಶಬ್ದದ ಮ್ಯಾಲ ಪೆನ್ಸಿಲ್ಲಿನ ತುದಿ
ಟಕ್. ಟಕ್.
ಇದು ನನಗ ಗೊತ್ತಿದ್ದ ಕೆಲಸ.

"'ಸ್ವ-ಇಚ್ಛೆಯಿಂದ' ಅಂತ ಐತಿ. ನಿಮಗ ಹೋಗೂ ಇಚ್ಛಾ ಐತೇನು?"
ಇಲ್ರಿ, ನಮ್ಮ ಲೈನು ಬಂದ್ ಮಾಡ್ತಾರಂತ.
ಆ ಶಬ್ದದ ಸುತ್ತ ಒಂದು ಗುಂಡಗೆರಿ.
"ಗ್ರಾಚ್ಯುಟಿ ನಿಮ್ಮದ. ಇವರು ಖುಷಿಯಾದ್ರೂ ಕೊಡಬೇಕು, ಸಿಟ್ಟಾದ್ರೂ ಕೊಡಬೇಕು.
ಅದನ್ನ ಬಕ್ಷೀಸಿನ ತಾಟಿನ್ಯಾಗ ಯಾಕ ಬಡಿಸ್ಯಾರ?"
ನಾನೇನು ಹೇಳಲಿ.
ಕಲಂ ಒಂಬತ್ತು. ಆಕಿ ಎರಡು ಸಲ ಓದಿದ್ರು:
ಗೊತ್ತಿದ್ದದ್ದು, ಗೊತ್ತಿಲ್ಲದ್ದು,
ಮುಂದ ಗೊತ್ತಾಗೂದು,
ಯಾವ ತಕರಾರೂ ನನಗ ಇಲ್ಲ, ಇರಂಗಿಲ್ಲ.
ಆಮ್ಯಾಲ ಏನೋ ಕೇಳಿದ್ರು.
ಆಂ? ಅಂದೆ.
ಮತ್ತ ಕೇಳಿದ್ರು. ಕತ್ತು ಹೊರಳಿಸಿ ಬಲಗಿವಿ ಕೊಟ್ಟೆ.

ಪೆನ್ಸಿಲ್ ನಿಂತಿತು.
"ಇದು ಎಷ್ಟು ವರ್ಷ ಆತು?"
ಯಾವುದ್ರಿ?
"ಹಿಂಗ ಹೊರಳೂದು."

ಕೆಳಗ ಝೆರಾಕ್ಸ್ ಮಷೀನು ಹಾಳಿ ಉಗುಳತಿತ್ತು.
ಗ್ರೈಂಡರಿನ ಪಕ್ಕ ನಿಂತ ಶಿಫ್ಟುಗಳನ್ನ ಎಣಿಸಾಕ ಹೋದೆ,
ಆಗಲಿಲ್ಲ.
ಬಸ್ಸಿನ್ಯಾಗ ಎಡಕಿನ ಖಿಡಕಿಗೇ ಯಾಕ ಕೂಡ್ತೀನಿ?
ಸುರೇಖಾ ತನ್ನ ದಿಂಬು
ನನ್ನ ಬಲಕ್ಕ ಯಾವಾಗ ಒಯ್ದಳು?
ಒಂದು ಮಾತೂ ಹೇಳಿಲ್ಲ ಆಕಿ.
ಅಥವಾ ಹೇಳಿದ್ದಳೋ ಏನೋ,
ಎಡಕ್ಕ.

"ಗೆಲ್ತೀವಿ ಅಂತ ನಾ ಹೇಳಂಗಿಲ್ಲ" ಅಂದ್ರು ಬಾಯಿ.
"ಕಿವಿ ತಪಾಸಣಿ ಮಾಡಸ್ರಿ, ಚೀಟಿ ತರ್ರಿ,
ಆಮ್ಯಾಲ ನೋಡೂಣು ಇದರಾಗ ಏನು ಬರತೈತಿ, ಏನು ಇಲ್ಲ.
ಹದಿನೈದು ದಿನ ವ್ಯಾಳೆ ಕೇಳಿ ಪತ್ರ ಕೊಡ್ತೀನಿ.
ನಕಲಿನ ಮ್ಯಾಲ ಶಿಕ್ಕಾ ಹಾಕಿಸ್ಕೊಂಡ ಬರ್ರಿ.
ಅಲ್ಲೀತನಾ ಅವರ ಪೆನ್ನು ಮುಟ್ಟಬ್ಯಾಡ್ರಿ.
ಕುಂದಾ ಬೇಕಾದ್ರ ತಿನ್ರಿ."

ಶುಕ್ರವಾರ, ನಾಕೂವರಿ.
"ವಕೀಲರ ತನಕಾ ಹೋದಿ? ನಮ್ಮ ಮ್ಯಾಲ ಭರವಸಾ ಇಲ್ಲೇನೋ?"
ಐತ್ರಿ ಸಾಹೇಬ್ರ.
ಎರಕದ ಮ್ಯಾಲೂ ಇರತಿತ್ತು.
ಆದ್ರೂ ಬಡದು ನೋಡತಿದ್ದೆ,
ಅದಕ್ಕ ನೀವ ಪಗಾರ ಕೊಟ್ಟೀರಿ.

ಪೆನ್ನಿನ ಟೋಪಿ ತಿರುಗಿ ಕೂತಿತು.
ಬಾಳ ಹೊತ್ತು ಹುಡುಕಿದ ಮ್ಯಾಲ
ಕ್ಲರ್ಕಿಗೆ ಶಿಕ್ಕಾ ಸಿಕ್ಕಿತು,
ನನ್ನ ನಕಲಿನ ಮ್ಯಾಲ ಬಿತ್ತು.
ಆ ಸದ್ದಿಗೆ ಬಲಗಿವಿ ಕೊಟ್ಟು ನಿಂತಿದ್ದೆ.
ಠಣ್ಣೋ, ಥಡ್ಡೋ,
ಇನ್ನೂ ಹೇಳಾಕ ಬರೂದಿಲ್ಲ.